ತಟ್ಟೆಯ ಎಡಗಡೆಯ ಪಲ್ಯ



ಈ ದಿನದ ಚಿಂತನೆ ಬರೆಯುವ ಸರದಿ ನನ್ನದು. ಕಳೆದ ವರ್ಷ ಆಷಾಢದಲ್ಲಿ ನನಗೆ ಲಕ್ವ ಹೊಡೆದದ್ದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಆ ಮಳೆಯಲ್ಲೂ ಎಷ್ಟೋ ಜನ ಬಣಕಲ್‌ವರೆಗೆ ಬಂದು ನೋಡಿಕೊಂಡು ಹೋದಿರಿ. ಆದರೆ ನಡೆದಾಡುವಂತಾದ ಮೇಲೂ ಉಳಿದುಕೊಂಡ ಒಂದು ತೊಂದರೆಯನ್ನು ನಾನು ಯಾರಿಗೂ ಸರಿಯಾಗಿ ಹೇಳಿರಲಿಲ್ಲ. ನಾಚಿಕೆಯಾಗುತ್ತಿತ್ತು. ಇವತ್ತು ಅದನ್ನೇ ಬರೆಯುತ್ತೇನೆ.

ಬೆಳಗಿನ ಜಾವ ಬಾಯಿ ಸೊಟ್ಟಗಾಗಿ ಎಡಗೈ ಜೋತುಬಿತ್ತು. ಪಕ್ಕದವರೊಬ್ಬರು ಪಾರಿವಾಳದ ರಕ್ತ ಹಚ್ಚಿ ನೋಡಿ ಅಂದರಂತೆ. ಅವರ ಮಾತು ಮುಗಿಯುವುದರೊಳಗೆ ನನ್ನ ಹೆಂಡತಿ ಜೀಪು ಕರೆಸಿದ್ದಳು. ಮಂಜಿನಲ್ಲಿ ಚಾರ್ಮಾಡಿ ಘಾಟಿ ಇಳಿದು ಮಂಗಳೂರು ಮುಟ್ಟಿದೆವು. (ಈ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಆದ ಲಕ್ವಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ, ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬಾಯಿ ಸೊಟ್ಟಗಾದರೆ, ಕೈ ಮೇಲೇಳದಿದ್ದರೆ, ಮಾತು ತೊದಲಿದರೆ ಬೆಳಕು ಹರಿಯಲಿ ಎಂದು ಕಾಯಬೇಡಿ.)

ಮನೆಗೆ ಬಂದ ಮೂರನೇ ದಿನವೋ ನಾಲ್ಕನೇ ದಿನವೋ ಇರಬೇಕು. ಮಧ್ಯಾಹ್ನ ಊಟಕ್ಕೆ ಕೂತೆ. ಅನ್ನ, ಸಾರು ಇತ್ತು.

“ಕಳಲೆ ಪಲ್ಯ ಮಾಡಿದ್ದೀನಿ ಅಂದ್ಯಲ್ಲ, ಎಲ್ಲಿ?”

“ಬಡಿಸಿದ್ದೀನಲ್ರೀ.”

ತಟ್ಟೆ ನೋಡಿದೆ. ಪಲ್ಯ ಇಲ್ಲ. ನನಗೆ ರೇಗಿತು. ಕೈ ಬಿದ್ದುಹೋದವನಿಗೆ ಇಷ್ಟೇ ಸಾಕು ಅಂದ್ಕೊಂಡ್ಯಾ ಎಂದು ಆಡಬಾರದ ಮಾತು ಆಡಿದೆ. ಅವಳು ಏನೂ ಹೇಳಲಿಲ್ಲ. ಬಗ್ಗಿ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದಳು. ಪಲ್ಯ ಇತ್ತು. ಅದರ ಪಕ್ಕದ ಅನ್ನವನ್ನೂ ನಾನು ಮುಟ್ಟಿರಲಿಲ್ಲ.

ನನ್ನ ಕಣ್ಣು ಚೆನ್ನಾಗಿಯೇ ಇದೆ. ಹೊಡೆತ ಬಿದ್ದದ್ದು ಮೆದುಳಿನ ಬಲಭಾಗಕ್ಕೆ. ಅಲ್ಲಿ ಪೆಟ್ಟಾದ ಕೆಲವರಿಗೆ ಎಡಗಡೆಯ ಕಡೆಗೆ ಗಮನವೇ ಹೋಗುವುದಿಲ್ಲವಂತೆ. ಬಲಗೆನ್ನೆ ಮಾತ್ರ ಕ್ಷೌರ ಮಾಡಿಕೊಳ್ಳುತ್ತಾರೆ, ಗಡಿಯಾರ ಬರೆಯಲು ಹೇಳಿದರೆ ಹನ್ನೆರಡೂ ಅಂಕಿಗಳನ್ನು ಬಲಗಡೆಗೇ ತುರುಕುತ್ತಾರೆ. ನಾನು ಅಂಗಿಯ ಎಡತೋಳು ಹಾಕಿಕೊಳ್ಳದೆ ಅಂಗಳಕ್ಕೆ ಬಂದು ನಿಂತದ್ದೂ ಉಂಟು. ನಿಮಗೆ ಅರ್ಥವಾಗಬೇಕಾದದ್ದು ಒಂದೇ. ನನಗೆ ಜಗತ್ತು ಅರ್ಧ ಕಾಣುತ್ತಿರಲಿಲ್ಲ. ಪೂರ್ತಿಯಾಗಿಯೇ ಕಾಣುತ್ತಿತ್ತು. ಕತ್ತಲೆಯಾಗಿದ್ದರೆ ಕತ್ತಲೆ ಇದೆ ಎಂದಾದರೂ ತಿಳಿಯುತ್ತದೆ. ಇಲ್ಲಿ ಏನೋ ಇಲ್ಲ ಎನ್ನುವುದೇ ತಿಳಿಯುವುದಿಲ್ಲ.

ಫಿಸಿಯೋಥೆರಪಿ ಮಾಡಿಸಲು ಬರುತ್ತಿದ್ದ ಹುಡುಗಿ ಒಂದು ದಿನ ಕೇಳಿದಳು, “ಅಂಕಲ್, ನೀವು ಪೋಸ್ಟ್‌ಮ್ಯಾನ್ ಆಗಿದ್ರಲ್ಲ, ಕಣ್ಣು ಮುಚ್ಚಿ, ಬಸ್ ಸ್ಟಾಂಡಲ್ಲಿ ಕೊಟ್ಟಿಗೆಹಾರದ ಕಡೆ ಮುಖ ಮಾಡಿ ನಿಂತಿದ್ದೀನಿ ಅಂದ್ಕೊಳ್ಳಿ. ಏನೇನಿದೆ ಹೇಳಿ.” 31 ವರ್ಷ ಅಂಚೆ ಹಂಚಿದವನು ನಾನು. ಅಂಗಡಿ, ಮನೆ, ಗೇಟು ಎಲ್ಲ ಪಟಪಟನೆ ಹೇಳಿದೆ. ಆಮೇಲೆ, ಈಗ ಆ ತುದಿಗೆ ಹೋಗಿ ಮೂಡಿಗೆರೆ ಕಡೆ ತಿರುಗಿ ನಿಲ್ಲಿ ಅಂದಳು. ಮತ್ತೆ ಹೇಳಿದೆ. ಅವಳು ಬರೆದುಕೊಂಡದ್ದನ್ನು ಮಗಳು ಓದಿದಳು. ಮೊದಲ ಸಲ ರಸ್ತೆಯ ಒಂದು ಬದಿ, ಎರಡನೇ ಸಲ ಇನ್ನೊಂದು ಬದಿ. ಎರಡು ಸಲವೂ ಬಲಗಡೆಯದೇ. ನಮ್ಮ ಕಾಲೋನಿಯ ದಾರಿ ಮೊದಲ ಸಲ ಎಡಕ್ಕೆ ಬರುತ್ತದೆ. ಹಾಗಾಗಿ ನಮ್ಮ ಮನೆಯೇ ಪಟ್ಟಿಯಲ್ಲಿರಲಿಲ್ಲ. ಮಗಳು ನಕ್ಕಳು, ಆಮೇಲೆ ಎದ್ದು ಒಳಗೆ ಹೋದಳು.

ಇಟಲಿಯ ಮಿಲಾನ್ ನಗರದಲ್ಲಿ ಬಿಸಿಯಾಕ್, ಲುಜ್ಜಾಟಿ ಎಂಬ ಇಬ್ಬರು 1978ರಲ್ಲಿ ಪ್ರಕಟಿಸಿದ ಪರೀಕ್ಷೆಯಂತೆ ಇದು. ಅಲ್ಲಿಯ ದೊಡ್ಡ ಚರ್ಚಿನ ಮುಂದಿನ ಚೌಕವನ್ನು ನೆನಪಿನಿಂದ ಹೇಳಲು ಇಬ್ಬರು ರೋಗಿಗಳಿಗೆ ಕೇಳಿದ್ದರು. ಅವರೂ ಹೀಗೇ, ನಿಂತ ಜಾಗ ಬದಲಾದಂತೆ ಒಂದೊಂದು ಬದಿ ಬಿಟ್ಟಿದ್ದರು. ಅಂದರೆ ಮರೆತಿಲ್ಲ. ಎಲ್ಲ ಒಳಗೇ ಇದೆ, ಅತ್ತ ತಿರುಗುವುದು ಮಾತ್ರ ಆಗುತ್ತಿಲ್ಲ.

ಆಸ್ಪತ್ರೆಯಲ್ಲಿ ಒಂದು ರಾತ್ರಿ, ಹಾಸಿಗೆಯಲ್ಲಿ ಯಾರದೋ ಕೈ ಇದೆ, ತೆಗೆಯಿರಿ ಎಂದು ನರ್ಸನ್ನು ಕೂಗಿದೆನಂತೆ. ಅದು ನನ್ನ ಎಡಗೈ. ಭಾನುವಾರದ ಓದಿನಲ್ಲಿ ಅನಾತ್ಮದ ವಿಷಯ ಬಂದಾಗ ಇದನ್ನು ಹೇಳಿದೆ. ಸಾರನಾಥದಲ್ಲಿ ಐವರು ಭಿಕ್ಕುಗಳಿಗೆ ಬುದ್ಧರು ಈ ರೂಪ ನಿಮ್ಮದಲ್ಲ ಎಂದು ಬೋಧಿಸಿದರಲ್ಲ, ನನಗೆ ಲಕ್ವದಿಂದಲೇ ಅದು ಸಿಕ್ಕಿಬಿಟ್ಟಿತೇ ಎಂದು ತಮಾಷೆ ಮಾಡಿದೆ. ಎಲ್ಲರೂ ನಕ್ಕರು. ಮನೆಗೆ ಬಂದು ಯೋಚಿಸಿದರೆ ಎರಡಕ್ಕೂ ಅಜಗಜಾಂತರ. ಬುದ್ಧರ ಮಾತು ದೇಹವನ್ನು ಇಂಚಿಂಚೂ ನೋಡಿದ ಮೇಲೆ ಬರುವ ಮಾತು. ಅದಕ್ಕೇ ಕಾಯಾನುಪಸ್ಸನ ಇರುವುದು. ನನ್ನದು ನೋಡದೆ ಬಂದ ಮಾತು. ನನ್ನದಲ್ಲ ಎಂದವನು ಮರುಕ್ಷಣವೇ ಅದಕ್ಕೆ ಇನ್ನೊಬ್ಬ ಯಜಮಾನನನ್ನು ಹುಡುಕಿದ್ದೆ.

ಅದೇ ದಿನ ನಮ್ಮ ಬಳಗದ ತಮ್ಮನೊಬ್ಬ ಅಂದ, “ಅಣ್ಣ, ಜಾತಿ ಮಾಡೋರಿಗೂ ಇದೇ ಕಾಯಿಲೆ ಅಲ್ವಾ? ಊರಿನ ಅರ್ಧ ಅವರಿಗೆ ಕಾಣೋದೇ ಇಲ್ಲ.” ಕೇಳಲು ಚೆನ್ನಾಗಿದೆ. ನಾನು ಒಪ್ಪಲಿಲ್ಲ.

ಎಂ.ಒ. ಹಣ ಕೊಟ್ಟರೆ ಸಹಿ ಹಾಕಿಸಿಕೊಳ್ಳಬೇಕು. ಪೆನ್ನು ಕೈಗೆ ಕೊಡಲು ಹೋದರೆ “ಅಲ್ಲಿಡು” ಎನ್ನುವ ಮನೆಗಳಿದ್ದವು. ಜಗಲಿಯ ಯಾವ ಕಲ್ಲಿನವರೆಗೆ ನಾನು ಬರಬಹುದು, ನೀರು ಹೊಯ್ಯುವಾಗ ಚೊಂಬು ನನ್ನ ಬೊಗಸೆಯಿಂದ ಎಷ್ಟು ಎತ್ತರದಲ್ಲಿರಬೇಕು, ಎಲ್ಲಕ್ಕೂ ಅಲ್ಲಿ ಅಳತೆ ಇತ್ತು. ನೋಟುಗಳಿಗೆ ಮಾತ್ರ ಮೈಲಿಗೆ ಇರಲಿಲ್ಲ, ಎಣಿಸಿಕೊಳ್ಳುತ್ತಿದ್ದರು. ಅವರಿಗೆ ನಾನು ಕಾಣುತ್ತಿರಲಿಲ್ಲವೇ? ನನ್ನ ಕೈ ಎಲ್ಲಿದೆ ಎಂದು ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು. ಅಸ್ಪೃಶ್ಯತೆಗೆ ಬಹಳ ಗಮನ ಬೇಕು. ಅದನ್ನು ರೋಗ ಅಂದರೆ ಅವರಿಗೆ ನಾವೇ ಮೆಡಿಕಲ್ ಸರ್ಟಿಫಿಕೇಟ್ ಬರೆದುಕೊಟ್ಟಂತೆ.

ಇಷ್ಟು ಜೋರಾಗಿ ವಾದ ಮಾಡಿ ಮನೆಗೆ ಬಂದವನಿಗೆ ರಾತ್ರಿ ನಿದ್ದೆ ಬರಲಿಲ್ಲ. ಪಲ್ಯ ಕಾಣದಿದ್ದದ್ದು ಮೆದುಳಿನ ಪೆಟ್ಟಿನಿಂದ, ಸರಿ. ಆದರೆ ಅವಳು ಬಡಿಸಲಿಲ್ಲ ಎಂದು ತೀರ್ಮಾನ ಮಾಡಿದ್ದು ಯಾರು? ಅದಕ್ಕೂ ಲಕ್ವಕ್ಕೂ ಸಂಬಂಧವಿಲ್ಲ. ಬಡಿಸಿದ್ದೀನಿ ಎಂದು ಅವಳು ಹೇಳಿದ್ದಳು. ನನ್ನ ಕಣ್ಣನ್ನು ನಂಬಿದೆ, ಅವಳ ಮಾತನ್ನು ನಂಬಲಿಲ್ಲ. ಇಷ್ಟು ವರ್ಷ ನಾವೆಲ್ಲ ಉಂಡ ಮೇಲೆ ಅವಳು ಒಳಗೆ ಕೂತು ಉಣ್ಣುತ್ತಿದ್ದಳು. ಅವಳ ತಟ್ಟೆಯಲ್ಲಿ ಪಲ್ಯ ಉಳಿದಿತ್ತೋ ಇಲ್ಲವೋ ನಾನು ನೋಡಿದವನಲ್ಲ. ಆಗ ನನ್ನ ಮೆದುಳು ಚೆನ್ನಾಗಿಯೇ ಇತ್ತು.

ನಾವು ಕಾಲಾಮ ಸುತ್ತವನ್ನು ಪ್ರೀತಿಸುವವರು. ಗ್ರಂಥದಲ್ಲಿದೆ ಎಂದು ನಂಬಬೇಡ, ಗುರು ಹೇಳಿದ ಎಂದು ನಂಬಬೇಡ, ನೀನೇ ನೋಡಿ ತಿಳಿ. ದೇವರು ದಿಂಡರನ್ನು ಬಿಟ್ಟು ಬಂದ ನಮಗೆ ಈ ಮಾತೇ ಬೆನ್ನೆಲುಬು. ನನಗೂ ಹಾಗೇ ಇತ್ತು. ಈಗ ಕೇಳಿಕೊಳ್ಳುತ್ತೇನೆ: ನೋಡುವವನ ನೋಟವೇ ಕೆಟ್ಟಿದ್ದರೆ? ನಾನೇ ನೋಡಿದೆನಲ್ಲ, ಪಲ್ಯ ಇರಲಿಲ್ಲ! ಸುತ್ತವನ್ನು ಮತ್ತೆ ಓದಿದೆ. ಕೇಸಪುತ್ತದ ಕಾಲಾಮರಿಗೆ ಬುದ್ಧರು ಸ್ವಂತ ತಿಳಿವಿನ ಮಾತಿನ ಜೊತೆಗೇ, ವಿವೇಕಿಗಳು ಯಾವುದನ್ನು ಖಂಡಿಸುತ್ತಾರೆ ಎಂಬುದನ್ನೂ ಸೇರಿಸಿದ್ದಾರೆ. ಇಷ್ಟು ವರ್ಷ ಓದುತ್ತಾ ನಾನು ಆ ತುಂಡನ್ನು ದಾಟಿಕೊಂಡು ಹೋಗಿದ್ದೆ. ಹಾಗೆಂದು ಹೆಂಡತಿ ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ನಂಬು ಎಂದು ಅರ್ಥವಲ್ಲ. ಅವಳೂ ನಂಬು ಅನ್ನಲಿಲ್ಲ. ತಟ್ಟೆ ತಿರುಗಿಸಿದಳು ಅಷ್ಟೆ.

ಬಾಬಾಸಾಹೇಬರು “ಬುದ್ಧ ಮತ್ತು ಅವರ ಧಮ್ಮ” ಬರೆಯುವಾಗ ಸಕ್ಕರೆ ಕಾಯಿಲೆಯಿಂದ ಕಾಲು ಸೋತಿತ್ತು, ಕಣ್ಣೂ ಸೋತಿತ್ತು. ಹಸ್ತಪ್ರತಿಯನ್ನು ನಾನಕ್ ಚಂದ್ ರತ್ತು ಅವರು ಟೈಪ್ ಮಾಡಿದರು. ಪುಸ್ತಕ ಅಚ್ಚಾಗಿ ಬಂದದ್ದು ಅವರು ಹೋದ ಮೇಲೆ, 1957ರಲ್ಲಿ. ಈಚೆಗೆ ಆ ಪುಸ್ತಕ ಕೈಗೆತ್ತಿಕೊಂಡಾಗೆಲ್ಲ ನನಗೆ ರತ್ತು ಅವರೂ ನೆನಪಾಗುತ್ತಾರೆ.

ಈಗ ನನ್ನ ತಟ್ಟೆಯ ಎಡ ಅಂಚಿಗೆ ಮಗಳು ಕೆಂಪು ಟೇಪು ಅಂಟಿಸಿದ್ದಾಳೆ. ಕೆಂಪು ಕಾಣುವವರೆಗೆ ಕತ್ತು ತಿರುಗಿಸಬೇಕು, ಆಮೇಲೆ ಊಟ. ಪುಸ್ತಕ ಓದುವಾಗಲೂ ಎಡ ಅಂಚಿನಲ್ಲಿ ಕೆಂಪು ಗೆರೆ ಎಳೆದುಕೊಳ್ಳುತ್ತೇನೆ. ಆ ದಿನದ ಮಾತಿಗೆ ಹೆಂಡತಿಯ ಹತ್ತಿರ ತಪ್ಪಾಯಿತು ಎಂದು ಕೇಳಿದೆ. “ಅದೇನ್ ಬಿಡ್ರೀ, ಕಾಯಿಲೆ ಮಾತು” ಅಂದಳು. ಅಲ್ಲ ಎಂದೆ. ಈಗ ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೇ ಕೂರುತ್ತೇವೆ. ಅವಳು ನನ್ನ ಎಡಕ್ಕೆ ಕೂರುತ್ತಾಳೆ. ಅತ್ತ ತಿರುಗಲಿ ಎಂದು ಫಿಸಿಯೋಥೆರಪಿಯ ಹುಡುಗಿ ಹೇಳಿಕೊಟ್ಟದ್ದು.

ಇದನ್ನು ಮೊಬೈಲಿನಲ್ಲಿ ಒಂದೇ ಕೈಯಲ್ಲಿ ಟೈಪ್ ಮಾಡಿದ್ದೇನೆ. ಸಾಲಿನ ಎಡತುದಿಯಲ್ಲಿ ಬಿಟ್ಟ ಅಕ್ಷರಗಳನ್ನು ಮಗಳು ಸೇರಿಸಿದ್ದಾಳೆ. ಇನ್ನೂ ಏನಾದರೂ ಬಿಟ್ಟಿದ್ದರೆ ದಯವಿಟ್ಟು ತಿಳಿಸಿ.

ಜೈಭೀಮ್. ನಮೋ ಬುದ್ಧಾಯ.