ಎರಡನೆಯ ಜೋಡಣೆ

ಪೆಟ್ಟಿಗೆಯಲ್ಲಿ ಬಿಡಿ ಹಲಗೆಗಳಾಗಿ ಮನೆಗೆ ಬಂದು, ಕೊಂಡವನ ಕೈಯಿಂದಲೇ ಮೇಜಾಗಿ ನಿಲ್ಲುವ ಸಾಮಾನನ್ನು ಕಂಡರೆ ಹಿರಿಯರಿಗೆ ಅಷ್ಟಾಗಿ ನಂಬಿಕೆಯಿಲ್ಲ. ಬಿಚ್ಚಿ ಬಂದದ್ದು ಬಾಳುವುದುಂಟೆ ಎನ್ನುತ್ತಾರೆ. ಅವರ ಅನುಮಾನಕ್ಕೆ ಆಧಾರವುಂಟು. ಕೊಡುವ ಕಾರಣ ಮಾತ್ರ ಸರಿಯಲ್ಲ. ಅಜ್ಜಂದಿರ ಕಾಲದ ದೊಡ್ಡ ಮಂಚವೂ ಬಿಚ್ಚುವಂಥದೇ. ಕಾಲು, ಪಟ್ಟಿ, ತಲೆಕಡೆಯ ಹಲಗೆ ಬೇರೆಯಾಗದಿದ್ದರೆ ಆ ಗಿಡ್ಡ ಬಾಗಿಲುಗಳಲ್ಲಿ ಅದು ಒಳಗೆ ಹೋಗುತ್ತಿದ್ದುದಾದರೂ ಹೇಗೆ?

1859ರಲ್ಲಿ ವಿಯೆನ್ನಾದ ಮೈಕೆಲ್ ಥೋನೆಟ್ ಬೀಚ್ ಮರವನ್ನು ಹಬೆಯಲ್ಲಿ ಬಾಗಿಸಿ ಮಾಡಿದ 14ನೆಯ ನಂಬರಿನ ಕುರ್ಚಿಯಲ್ಲಿ ಇದ್ದದ್ದು ಮರದ 6 ತುಂಡು, 10 ತಿರುಪು, 2 ನಟ್ಟು, ಅಷ್ಟೆ. ಬಿಡಿಬಿಡಿಯಾಗಿ ಕಟ್ಟಿದರೆ ಒಂದು ಘನಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು. ಒಂದು ತುಂಡು ಮುರಿದರೆ ಅದೊಂದನ್ನೇ ಬದಲಾಯಿಸಬಹುದು. ನೂರು ವರ್ಷ ದಾಟಿದ ಅಂಥ ಕುರ್ಚಿಗಳ ಮೇಲೆ ಜನ ಈಗಲೂ ಕುಳಿತು ಕಾಫಿ ಕುಡಿಯುತ್ತಾರೆ.

ಸ್ವೀಡನ್ನಿನ ಐಕಿಯಾ ಸಂಸ್ಥೆಯ ಗಿಲ್ಲಿಸ್ ಲುಂಡ್‌ಗ್ರೆನ್ 1956ರಲ್ಲಿ ಕಾರಿನೊಳಗೆ ಹಿಡಿಸಲೆಂದು ಮೇಜಿನ ಕಾಲು ಬಿಚ್ಚಿದ ಕಥೆ ಪ್ರಸಿದ್ಧವಾದದ್ದು. ಆ ಉಪಾಯ ಬೆಳೆದು 2022ರಲ್ಲಿ ಬೆಂಗಳೂರಿನ ನಾಗಸಂದ್ರಕ್ಕೂ ಬಂತು. ಉಪಾಯದಲ್ಲಿ ವಿವೇಕವೂ ಇದೆ: ಲಾರಿಯಲ್ಲಿ ಗಾಳಿಯನ್ನು ಹೊತ್ತು ತಿರುಗುವುದು ತಪ್ಪಿತು, ಬೆಲೆ ಇಳಿಯಿತು.

ಹಾಗಾದರೆ ಹಿರಿಯರ ಅನುಮಾನ ಯಾವುದರ ಮೇಲೆ ನಿಲ್ಲಬೇಕು? ಎರಡನೆಯ ಜೋಡಣೆಯ ಮೇಲೆ, ಎಂದು ನನ್ನ ಅಭಿಪ್ರಾಯ. ಮರದ ಚೂರನ್ನು ಅಂಟಿನಲ್ಲಿ ಕಲಸಿ ಒತ್ತಿದ ಹಲಗೆಯನ್ನು ನಾನು ಹಳಿಯುವವನಲ್ಲ; ಗರಗಸದ ಮಿಲ್ಲಿನಲ್ಲಿ ಉಳಿದದ್ದಕ್ಕೂ ಅದು ಒಂದು ಗತಿ ಕಾಣಿಸಿದೆ. ಆದರೆ ಅದರೊಳಗೆ ಒಮ್ಮೆ ಬಿಗಿದ ತಿರುಪನ್ನು ಬಿಚ್ಚಿ ಮತ್ತೆ ಬಿಗಿದರೆ ಮೊದಲಿನ ಹಿಡಿತ ಬರುವುದು ಕಷ್ಟ. ನೀರು ತಾಗಿದರೆ ಉಬ್ಬುತ್ತದೆ. ಹನ್ನೊಂದು ತಿಂಗಳ ಕರಾರಿನ ಮೇಲೆ ಬಾಡಿಗೆ ಮನೆ ಹಿಡಿಯುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮೂರನೆಯ ಮನೆಗೆ ಹೋಗುವ ಹೊತ್ತಿಗೆ ಅಗ್ಗದ ಕಪಾಟು ಒಂದು ಕಡೆಗೆ ವಾಲಿರುತ್ತದೆ. ನಾಲ್ಕನೆಯದಕ್ಕೆ ಹೋಗುವುದೇ ಇಲ್ಲ, ಬೀದಿಯ ಮೂಲೆಯಲ್ಲಿ ನಿಲ್ಲುತ್ತದೆ. ಪೆಟ್ಟಿಗೆಯ ಮೇಲೆ ಹಸುರೆಲೆಯ ಚಿತ್ರವಂತೂ ಇತ್ತು!

ತೇಗದ ಮರ ಬಲಿಯಲು 50-60 ವರ್ಷ ಬೇಕು. ಅದು ಬೆಳೆದಷ್ಟು ಕಾಲವಾದರೂ ಅದರಿಂದಾದ ಸಾಮಾನು ಬಾಳಬೇಕೆಂಬುದು ನನಗೆ ನ್ಯಾಯವಾಗಿ ತೋರುತ್ತದೆ. ಅಷ್ಟು ಕಾಲ ಅದನ್ನು ಬಾಳಿಸುವ ಹೊಣೆ ಯಾರದು? ಹಿಂದೆ ಬಡಗಿ ಇದ್ದ. ಕೀಲು ಸಡಿಲವಾದರೆ ಕರೆದು ಬಯ್ಯಬಹುದಿತ್ತು. ಅವನೂ ಎರಡು ಮಾತಾಡಿ ಬೆಣೆ ಹೊಡೆದು ಹೋಗುತ್ತಿದ್ದ. ಕಾರ್ಖಾನೆಯಿಂದ ನೇರವಾಗಿ ಕೊಳ್ಳುವಾಗ ದಲ್ಲಾಳಿ ತಪ್ಪುತ್ತಾನೆ, ಸಂತೋಷ. ಅವನ ಜೊತೆಗೆ ಬಡಗಿಯೂ ತಪ್ಪಿಹೋದ. ಅವನ ಕೆಲಸದಲ್ಲಿ ಜೋಡಿಸುವ ಅರ್ಧ ನಮಗೆ ಬಂತು, ರಿಪೇರಿಯ ಅರ್ಧ ಯಾರಿಗೂ ಬರಲಿಲ್ಲ.

ಇಟಲಿಯ ವಿನ್ಯಾಸಕಾರ ಎಂಜೊ ಮಾರಿ 1974ರಲ್ಲಿ ವಿಚಿತ್ರವಾದ ಒಂದು ಕೆಲಸ ಮಾಡಿದ. ಸಾಧಾರಣ ಹಲಗೆ, ಮೊಳೆ, ಸುತ್ತಿಗೆಗಳಿಂದ ಯಾರು ಬೇಕಾದರೂ ಮಾಡಿಕೊಳ್ಳಬಹುದಾದ ಮೇಜು, ಕುರ್ಚಿ, ಮಂಚಗಳ ನಕ್ಷೆಗಳನ್ನು ಅಂಚೆಖರ್ಚು ಕಳಿಸಿದವರಿಗೆ ಹಂಚಿದ. ದುಡ್ಡು ಉಳಿಸುವುದು ಅವನ ಮುಖ್ಯ ಉದ್ದೇಶವಲ್ಲ. ತನ್ನ ಕೈಯಾರೆ ಒಮ್ಮೆ ಮಾಡಿನೋಡಿದವನಿಗೆ ಮಾರುಕಟ್ಟೆಯ ಸಾಮಾನನ್ನು ತೂಗಿನೋಡುವ ಕಣ್ಣು ಬಂದೀತೆಂದು ಅವನ ಎಣಿಕೆ. ಅಂಥವನು ಅಂಗಡಿಯಲ್ಲಿ ಮೇಜಿನ ಹೊಳಪನ್ನು ನೋಡುತ್ತ ನಿಲ್ಲುವುದಿಲ್ಲ. ಬಗ್ಗಿ ಅದರ ಅಡಿಯನ್ನು ನೋಡುತ್ತಾನೆ. ಎಷ್ಟು ಸಲ ಬಿಚ್ಚಬಹುದು, ಐದು ವರ್ಷದ ಮೇಲೆ ಒಂದು ಹಲಗೆ ಕೆಟ್ಟರೆ ಅದೊಂದೇ ಸಿಕ್ಕೀತೆ ಎಂದು ಕೇಳುತ್ತಾನೆ. ನೇರವಾಗಿ ಮಾರುವವನು ಇದಕ್ಕೆ ಉತ್ತರ ಹೇಳಲು ನಡುವೆ ಯಾರ ಅಡ್ಡಿಯೂ ಇಲ್ಲವಷ್ಟೆ.