ಆಟದ ಗುರುವನ್ನು ಯಾವ ತಕ್ಕಡಿಯಲ್ಲಿ ತೂಗಬೇಕು?

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಒಂದು ಚಿಕ್ಕ ಕಾಲೇಜಿನ ವ್ಯಾಯಾಮಶಿಕ್ಷಕನನ್ನು ನೆನಸಿರಿ. ಕಬಡ್ಡಿ, ಖೊಖೊ, ವಾಲಿಬಾಲ್, ಓಟ ಇವೆಲ್ಲವನ್ನೂ ಅವನೊಬ್ಬನೇ ಕಲಿಸಬೇಕು. ಕಬಡ್ಡಿಗೆ ಏಳು ಮಂದಿ, ಖೊಖೊ ಆಟಕ್ಕೆ ಒಂಭತ್ತು ಮಂದಿ, ವಾಲಿಬಾಲಿಗೆ ಆರು ಮಂದಿ ಅಂಗಳಕ್ಕೆ ಇಳಿಯುವರು. ಉಳಿದವರು ಗೆರೆಯ ಆಚೆ ನಿಲ್ಲುವರು. ಹತ್ತಿ ಬಿಡಿಸುವ ದಿನಗಳಲ್ಲಿ ತಾಯಿಯ ಸಂಗಡ ಹೊಲಕ್ಕೆ ಹೋಗಿ ಅಭ್ಯಾಸಕ್ಕೆ ಬಾರದ ಹುಡುಗಿಯೂ ಅವರಲ್ಲಿ ಒಬ್ಬಳು. ಶಿಕ್ಷಕನು ಬಲವುಳ್ಳ ಕೆಲವರನ್ನೇ ತಿದ್ದಿ ಬಹುಮಾನ ತರತಕ್ಕದ್ದೋ, ಇಲ್ಲವೆ ಆಕೆಗೂ ತನ್ನ ಹೊತ್ತನ್ನು ಕೊಡತಕ್ಕದ್ದೋ?

ಗೆಲುವು ವ್ಯರ್ಥವೆಂದು ಹೇಳಲಾಗದು. ಅದರಿಂದ ಬಡವರ ಮಕ್ಕಳಿಗೆ ಮಾನವೂ ಕೆಲವು ಸಾರಿ ಉದ್ಯೋಗವೂ ದೊರಕುವದುಂಟು. ಆದರೆ ಗುರುವಿನ ಕೆಲಸವನ್ನು ಅಳೆಯುವದಕ್ಕೆ ಅದೊಂದೇ ಸಾಕೋ?

ದಕ್ಷಿಣ ದೇಶದಲ್ಲಿ ಇಂಥ ಶಿಕ್ಷಕರನ್ನು ಸಿದ್ಧಮಾಡುವದಕ್ಕೆ ಹ್ಯಾರಿ ಕ್ರೋ ಬಕ್ ಎಂಬವನು 1920ರಲ್ಲಿ ಮದ್ರಾಸಿನಲ್ಲಿ ವೈ.ಎಂ.ಸಿ.ಎ. ವ್ಯಾಯಾಮ ಶಾಲೆಯನ್ನು ಸ್ಥಾಪಿಸಿದನು. 1924ರಲ್ಲಿ ಆತನು ಇಂಡಿಯಾದ ಆಟಗಾರರ ಸಂಗಡ ಪ್ಯಾರಿಸಿನ ಒಲಿಂಪಿಕ್ ಪಂದ್ಯಗಳಿಗೆ ಹೋದನು. ಒಂದು ಪದಕವೂ ದೊರಕಲಿಲ್ಲ. ಆದರೂ ಆತನ ಶಾಲೆಯಿಂದ ಹೊರಟ ಶಿಕ್ಷಕರು ಎಷ್ಟೋ ಊರುಗಳ ಮಕ್ಕಳಿಗೆ ಆಟ ಕಲಿಸಿದರು.

ಬಕ್ಕನು ಅಮೇರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಕಲಿತವನು. ಅದೇ ಶಾಲೆಯಲ್ಲಿ 1891ರಲ್ಲಿ, ದೇವವಿದ್ಯೆಯನ್ನು ಓದಿದ್ದ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕನು ಎರಡು ಹಣ್ಣಿನ ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿಸಿ ಬಾಸ್ಕೆಟ್‌ಬಾಲ್ ಆಟವನ್ನು ಆರಂಭಿಸಿದನು. ಆಶ್ಚರ್ಯವೇನಂದರೆ, ಮುಂದೆ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಆತನು ನಡಿಸಿದ ತಂಡವು 1907ರ ವರೆಗೆ 55 ಪಂದ್ಯಗಳನ್ನು ಗೆದ್ದು 60ನ್ನು ಸೋತಿತು! 1933ರಲ್ಲಿ ಜಾನ್ ಮ್ಯಾಕ್ಲೆಂಡನ್ ಎಂಬ ಯುವಕನು ಅಲ್ಲಿಗೆ ಕಲಿಯುವದಕ್ಕೆ ಬಂದನು. ಮೈಬಣ್ಣ ಕಪ್ಪೆಂಬ ಕಾರಣದಿಂದ ಅವನನ್ನು ತಂಡಕ್ಕೆ ಸೇರಿಸಲಿಲ್ಲ. ಮುದಿಪ್ರಾಯದ ನೈಸ್ಮಿತನಾದರೋ ಅವನನ್ನು ಶಿಷ್ಯನನ್ನಾಗಿ ಮಾಡಿಕೊಂಡು ತನ್ನ ವಿದ್ಯೆಯನ್ನು ಕೊಟ್ಟನು. ಆ ಶಿಷ್ಯನು ತಾನೇ ಗುರುವಾಗಿ, 1957, 1958, 1959 ಈ ಮೂರು ವರುಷಗಳಲ್ಲಿ ಎಡೆಬಿಡದೆ ಟೆನೆಸ್ಸೀ ಕಾಲೇಜಿನ ತಂಡವನ್ನು ರಾಷ್ಟ್ರಮಟ್ಟದ ಪಂದ್ಯದಲ್ಲಿ ಗೆಲ್ಲಿಸಿದನು.

ಇಲ್ಲಿ ಯೋಚಿಸತಕ್ಕದ್ದೇನಂದರೆ, ನೈಸ್ಮಿತನು ಗೆರೆಯ ಆಚೆ ನಿಂತ ಆ ಯುವಕನನ್ನು ಕೈಬಿಟ್ಟಿದ್ದರೂ ಆತನ ಸೋಲುಗೆಲುವಿನ ಲೆಕ್ಕದಲ್ಲಿ ಒಂದು ಅಂಕಿಯೂ ಬದಲಾಗುತ್ತಿರಲಿಲ್ಲ. ಯಾರೂ ಆತನನ್ನು ದೂರುತ್ತಲೂ ಇರಲಿಲ್ಲ. ಲೆಕ್ಕಕ್ಕೆ ಬಾರದ ಇಂಥ ಕೆಲಸದಲ್ಲಿಯೇ ಗುರುವಿನ ನೀತಿ ತಿಳಿದುಬರುವದು.

ಆದಕಾರಣ ನಮ್ಮ ಊರಿನ ಶಿಕ್ಷಕನು ಪಂದ್ಯದಿಂದ ಬರಿಗೈಯಲ್ಲಿ ಹಿಂದಿರುಗಿದಾಗ, ಎಷ್ಟು ಬಹುಮಾನ ಬಂತೆಂದು ಮಾತ್ರ ಕೇಳಬೇಡಿರಿ. ಹತ್ತಿ ಹೊಲದಿಂದ ತಡವಾಗಿ ಬಂದ ಆ ಹುಡುಗಿಯು ಈ ವರುಷ ಏನನ್ನು ಕಲಿತಳು ಎಂಬದನ್ನೂ ಕೇಳಿರಿ.