ಕಾಫಿ ಮಾಡಲು ಬಾರದವಳು

ಹೆಂಗಸೊಬ್ಬಳು ಅಡುಗೆಮನೆಯಲ್ಲಿ ಸೋತರೆ ನಮಗೆ ನಗು ತಾನಾಗಿ ಬರುತ್ತದೆ. ಹೊರಗೆ ದೊಡ್ಡ ಹೆಸರು ಮಾಡಿದವಳು ಸೋತರಂತೂ ಇನ್ನೂ ಜೋರಾಗಿ ಬರುತ್ತದೆ. 1942ರ ಹಾಲಿವುಡ್ ಚಿತ್ರ ‘ವುಮನ್ ಆಫ್ ದ ಇಯರ್’ ಮುಗಿಯುವುದು ಇಂಥದೊಂದು ನಗುವಿನಲ್ಲಿ. ಕ್ಯಾಥರೀನ್ ಹೆಪ್‌ಬರ್ನ್ ಇದರಲ್ಲಿ ಟೆಸ್ ಹಾರ್ಡಿಂಗ್ ಎಂಬ ಅಂಕಣಕಾರ್ತಿ. ನ್ಯೂಯಾರ್ಕಿನ ಪತ್ರಿಕೆಯಲ್ಲಿ ಜಗತ್ತಿನ ರಾಜಕಾರಣದ ಬಗ್ಗೆ ಬರೆಯುತ್ತಾಳೆ, ಹಲವು ಭಾಷೆ ಬಲ್ಲವಳು, ರಾಯಭಾರಿಗಳು ಅವಳ ಫೋನಿಗೆ ಕಾಯುತ್ತಾರೆ. ಅದೇ ಪತ್ರಿಕೆಯ ಕ್ರೀಡಾ ಬರಹಗಾರ ಸ್ಯಾಮ್ ಕ್ರೇಗ್‌ನನ್ನು ಮದುವೆಯಾಗುತ್ತಾಳೆ. ಆ ಪಾತ್ರ ಸ್ಪೆನ್ಸರ್ ಟ್ರೇಸಿಯದು. ಜಗಳವಾಗಿ ಅವನು ಮನೆ ಬಿಟ್ಟು ಹೋದ ಮೇಲೆ, ಒಂದು ಬೆಳಿಗ್ಗೆ ಇವಳು ಅವನಿರುವಲ್ಲಿಗೆ ಹೋಗಿ, ಅವನು ಏಳುವ ಮೊದಲೇ ತಿಂಡಿ ಮಾಡಲು ನಿಲ್ಲುತ್ತಾಳೆ. ವಾಫಲ್ ಎಂಬ, ನಮ್ಮ ದೋಸೆಗೆ ದೂರದ ನೆಂಟನಾಗಬಹುದಾದ ತಿಂಡಿಯ ಹಿಟ್ಟು ಉಬ್ಬಿ ಹೊರಗೆ ಸುರಿಯುತ್ತದೆ, ಕಾಫಿ ಉಕ್ಕುತ್ತದೆ. ಇವಳ ಪಾಡನ್ನೆಲ್ಲ ಸ್ಯಾಮ್ ಸದ್ದಿಲ್ಲದೆ ನಿಂತು ನೋಡುತ್ತಾನೆ.

ಟೆಸ್ ಪಾತ್ರಕ್ಕೆ ಮಾದರಿ ಪತ್ರಕರ್ತೆ ಡೊರೊತಿ ಥಾಂಪ್ಸನ್ ಎನ್ನುತ್ತಾರೆ. 1934ರಲ್ಲಿ ಹಿಟ್ಲರನ ಸರ್ಕಾರ ಜರ್ಮನಿಯಿಂದ ಹೊರಗೆ ಹಾಕಿದ್ದು ಈಕೆಯನ್ನೇ. ಪರದೆಯ ಮೇಲೆ ಅಂಥ ಹೆಂಗಸು ಕಡೆಗೆ ಶರಣಾದದ್ದು ಒಂದು ವಾಫಲ್ ಹಂಚಿಗೆ.

ಈ ಅಡುಗೆಮನೆ ಚಿತ್ರಕ್ಕೆ ಮೊದಲು ಬರೆದ ಮುಕ್ತಾಯವಲ್ಲ. ರಿಂಗ್ ಲಾರ್ಡ್ನರ್ ಜೂನಿಯರ್ ಮತ್ತು ಮೈಕಲ್ ಕ್ಯಾನಿನ್ ಬರೆದ ಚಿತ್ರಕಥೆ ಆಸ್ಕರ್ ಪಡೆಯಿತು, ಆದರೆ ಅಡುಗೆಮನೆಯ ದೃಶ್ಯ ಅವರದಲ್ಲ. ಪ್ರದರ್ಶನಕ್ಕೆ ಮೊದಲು ಪ್ರೇಕ್ಷಕರಿಗೆ ತೋರಿಸಿ ನೋಡಿದ ಮೇಲೆ ಸ್ಟುಡಿಯೋದವರಿಗೆ ಅಳುಕು ಹುಟ್ಟಿತು. ಇಷ್ಟೊಂದು ಬಲ್ಲವಳನ್ನು ಹಾಗೇ ಕಳಿಸಿಕೊಟ್ಟರೆ ಜನ ಒಪ್ಪಲಾರರು ಎಂದು ಬೇರೆಯವರಿಂದ ಈ ದೃಶ್ಯ ಬರೆಸಿ ಚಿತ್ರೀಕರಿಸಿದರು. ಅಂದರೆ ಟೆಸ್‌ಳ ಈ ಸೋಲು ಕಥೆಯೊಳಗಿಂದ ಬಂದದ್ದಲ್ಲ, ಟಿಕೆಟ್ ಕೊಂಡವರ ಸಮಾಧಾನಕ್ಕೆಂದು ಸೇರಿಸಿದ್ದು.

ಟಿಕೆಟ್ ಕೊಂಡವರಲ್ಲಿ ನಾವೂ ಇದ್ದೆವು. ಇಂಗ್ಲಿಷ್ ಚಿತ್ರ ನೋಡಬೇಕೆಂದರೆ ಬೆಂಗಳೂರಿನವರು ಹೋಗುತ್ತಿದ್ದುದು ದಂಡಿಗೆ, ಎಂದರೆ ಕಂಟೋನ್ಮೆಂಟಿಗೆ. 1809ರಲ್ಲಿ ಸೈನ್ಯಕ್ಕಾಗಿ ಹುಟ್ಟಿದ ಈ ಭಾಗ 1947ರವರೆಗೆ ಬ್ರಿಟಿಷರ ಆಡಳಿತದಲ್ಲಿತ್ತು. 1949ರಲ್ಲಿ ಪೇಟೆಯೂ ದಂಡೂ ಒಂದೇ ಕಾರ್ಪೊರೇಷನ್ನಿಗೆ ಬಂದವು. ಸೌತ್ ಪೆರೇಡಿನ ಪ್ಲಾಜಾ, ಬ್ರಿಗೇಡ್ ರಸ್ತೆಯ ರೆಕ್ಸ್, ಹಲಸೂರಿನ ಕಡೆಗಿದ್ದ ಲಿಡೋ ಈಗ ಹೆಸರಿಗಷ್ಟೇ ಉಳಿದಿವೆ. ಪ್ಲಾಜಾ ಮೆಟ್ರೋಗೆ ಜಾಗ ಬಿಟ್ಟಿತು, ಲಿಡೋ ಮಾಲ್ ಆಯಿತು, ರೆಕ್ಸ್ 2018ರ ಕೊನೆಯ ದಿನ ಬಾಗಿಲು ಹಾಕಿತು.

ಆ ಚಿತ್ರಮಂದಿರಗಳ ಸುತ್ತಮುತ್ತಲೇ ಕಚೇರಿಗೆ ಹೋಗುವ ಹೆಂಗಸರೂ ಇದ್ದರು. ಟೈಪಿಂಗ್, ಶಾರ್ಟ್‌ಹ್ಯಾಂಡ್ ಕಲಿತ ಸ್ಟೆನೋಗಳು, ಟೆಲಿಫೋನ್ ಆಪರೇಟರುಗಳು, ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆಯ ನರ್ಸುಗಳು, ಕಾನ್ವೆಂಟಿನ ಟೀಚರುಗಳು. ಅವರಲ್ಲಿ ಅನೇಕರು ಆಂಗ್ಲೋ-ಇಂಡಿಯನ್ ಮತ್ತು ತಮಿಳು ಕ್ರೈಸ್ತ ಮನೆಗಳವರು. ತಿಂಗಳ ಸಂಬಳ ಕೈಯಲ್ಲಿ ಹಿಡಿದು ಸಂಜೆ ಆಟಕ್ಕೆ ಬಂದು ಕೂತ ಆ ಹುಡುಗಿಯರೂ ಇಂಥ ದೃಶ್ಯಗಳಿಗೆ ನಕ್ಕಿರಬಹುದು. ನಗದಿದ್ದರೆ ಪಕ್ಕದವರು ತಿರುಗಿ ನೋಡುತ್ತಾರಲ್ಲ! ಪೇಟೆಯ ಮಂದಿ ಅವರ ಬಗ್ಗೆ ಆಡಿಕೊಂಡದ್ದೇನೂ ಕಡಿಮೆಯಲ್ಲ. ಗಿಡ್ಡ ಲಂಗ, ಕತ್ತರಿಸಿದ ಕೂದಲು, ಹೊತ್ತಲ್ಲದ ಹೊತ್ತಿನಲ್ಲಿ ಡ್ಯೂಟಿ. ಅವರ ದುಡ್ಡಿನಲ್ಲಿ ಎಷ್ಟು ಮನೆಗಳ ಬಾಡಿಗೆ, ಎಷ್ಟು ತಮ್ಮಂದಿರ ಫೀಸು ಸಲ್ಲುತ್ತಿದ್ದವೆಂದು ಯಾರೂ ಲೆಕ್ಕ ಹಾಕಿಲ್ಲ.

ಜೋರು ಹೆಣ್ಣನ್ನು ಸೋಲಿಸಿ ನಗುವುದು ಪರದೇಶದವರ ಚಾಳಿ ಎಂದು ನಾವು ಕೈತೊಳೆದುಕೊಳ್ಳುವ ಹಾಗಿಲ್ಲ. ಶೇಕ್ಸ್‌ಪಿಯರನ ‘ದ ಟೇಮಿಂಗ್ ಆಫ್ ದ ಶ್ರೂ’ ಪರ್ವತವಾಣಿಯವರ ಮೂಲಕ ಕನ್ನಡ ರಂಗಭೂಮಿಗೆ ಬಂದು, ಮುಂದೆ ಸಿನಿಮಾಕ್ಕೂ ದಾಟಿತು. ಹಾಗೆ ಬಂದ 1989ರ ‘ನಂಜುಂಡಿ ಕಲ್ಯಾಣ’ ಭರ್ಜರಿಯಾಗಿ ಓಡಿತು. ಮಾಲಾಶ್ರೀ ಅಲ್ಲಿ ಜಂಭದ ಹುಡುಗಿ, ರಾಘವೇಂದ್ರ ರಾಜ್‌ಕುಮಾರ್ ಅವಳ ಜಂಭ ಇಳಿಸುವವನು. ಚಿತ್ರ ನಿಜಕ್ಕೂ ನಗಿಸುತ್ತದೆ, ನಾನೂ ನಕ್ಕಿದ್ದೇನೆ. ಜಂಭ ಇಳಿಸಿಕೊಳ್ಳಬೇಕಾದ ಗಂಡಸರು ಕಡಿಮೆಯೇನಿಲ್ಲ, ಅವರ ಮೇಲೆ ಇಷ್ಟೇ ಖುಷಿಯಾದ ಒಂದು ಹಾಸ್ಯ ಯಾಕೆ ಬರಲಿಲ್ಲವೆಂದು ಮಾತ್ರ ಆಮೇಲೆ ಅನ್ನಿಸುತ್ತದೆ.

ಆದರೂ ‘ವುಮನ್ ಆಫ್ ದ ಇಯರ್’ ಅನ್ನು ಬರೀ ಹೆಣ್ಣನ್ನು ಹಳಿಯುವ ಚಿತ್ರವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅದರ ನಡುವೆ ನಿಜವಾದ ಒಂದು ಆರೋಪ ಇದೆ. ಟೆಸ್ ಗಂಡನನ್ನು ಒಂದು ಮಾತೂ ಕೇಳದೆ, ಯುದ್ಧದಲ್ಲಿ ದಿಕ್ಕಿಲ್ಲದಂತಾದ ಗ್ರೀಕ್ ಹುಡುಗನೊಬ್ಬನನ್ನು ದತ್ತು ತರುತ್ತಾಳೆ. ವರ್ಷದ ಮಹಿಳೆ ಎಂಬ ಪ್ರಶಸ್ತಿ ಪಡೆಯಲು ಹೊರಟ ರಾತ್ರಿ, ಮಗುವನ್ನು ನೋಡಿಕೊಳ್ಳುವವರು ಯಾರೆಂದು ಸ್ಯಾಮ್ ಕೇಳುತ್ತಾನೆ. ಅವಳಿಗೆ ಅದು ಹೊಳೆದೇ ಇಲ್ಲ. ಅವನು ಸಮಾರಂಭಕ್ಕೆ ಬರುವುದಿಲ್ಲ ಎನ್ನುತ್ತಾನೆ, ಅವಳು ಒಬ್ಬಳೇ ಹೋಗುತ್ತಾಳೆ. ಲೋಕದ ನಿರಾಶ್ರಿತರಿಗಾಗಿ ಬರೆಯುವವಳಿಗೆ ತನ್ನ ಮನೆಯೊಳಗಿನ ಒಬ್ಬ ನಿರಾಶ್ರಿತ ಕಾಣಲಿಲ್ಲ. ಇದು ತಪ್ಪು. ಹೆಂಗಸಿನ ತಪ್ಪು ಎಂದಲ್ಲ, ಮನುಷ್ಯರ ತಪ್ಪು. ಊರಿಗೆ ಉಪಕಾರ ಮಾಡುವ ಎಷ್ಟೋ ಗಂಡಸರು ಇದನ್ನು ಜೀವಮಾನವಿಡೀ ಮಾಡಿಕೊಂಡು ಬಂದಿದ್ದಾರೆ, ಅವರ ಅಭಿನಂದನ ಗ್ರಂಥಗಳಲ್ಲಿ ಅದಕ್ಕೆ ತ್ಯಾಗವೆಂದು ಹೆಸರು.

ಸ್ಯಾಮ್ ಮಾಡಿದ್ದನ್ನೂ ನೋಡಬೇಕು. ಕೇಳಿದ ಪ್ರಶ್ನೆ ಸರಿಯಾದದ್ದೇ. ಆದರೆ ಅದೇ ರಾತ್ರಿ ಅವನು ಹುಡುಗನನ್ನು ಕರೆದುಕೊಂಡು ಹೋಗಿ ಅನಾಥಾಲಯಕ್ಕೆ ಮರಳಿಸಿ, ತಾನೂ ಮನೆ ಬಿಡುತ್ತಾನೆ. ಮಗುವಿನ ಮೇಲೆ ಅಷ್ಟು ಕರುಣೆಯಿದ್ದವನು ತಾನೇ ಇಟ್ಟುಕೊಂಡು ಸಾಕಬಹುದಿತ್ತು. ಚಿತ್ರ ಆ ಮಾತನ್ನೇ ಎತ್ತುವುದಿಲ್ಲ. ಮುಂದೆ ಟೆಸ್ ಹುಡುಗನನ್ನು ವಾಪಸು ಕರೆತರಲು ಹೋದಾಗ, ಅವನು ತನ್ನ ಗೆಳೆಯರ ಜೊತೆಗೇ ಇರುತ್ತೇನೆ ಎನ್ನುತ್ತಾನೆ. ಅಲ್ಲಿಗೆ ಮಗುವಿನ ವಿಚಾರ ಮುಗಿಯಿತು. ಆಮೇಲೆ ಬರುವುದು ಅಡುಗೆಮನೆ.

ನನ್ನ ತಕರಾರು ಇಲ್ಲಿದೆ. ಅವಳು ತಪ್ಪಿದ್ದು ಒಂದು ಜೀವದ ಆರೈಕೆಯಲ್ಲಿ, ಶಿಕ್ಷೆ ಆದದ್ದು ಕಾಫಿ ಮಾಡಲು ಬಾರದ್ದಕ್ಕೆ. ಮೊದಲನೆಯದು ಇಬ್ಬರನ್ನೂ ಕಟಕಟೆಗೆ ತರುತ್ತಿತ್ತು. ಎರಡನೆಯದರಲ್ಲಿ ಅವಳೊಬ್ಬಳೇ ಆರೋಪಿ, ಸ್ಯಾಮ್‌ಗೆ ಬಾಗಿಲಲ್ಲಿ ನಿಂತು ನೋಡುವ ಆರಾಮ. ಈ ಅದಲುಬದಲು ಮನೆಮನೆಯಲ್ಲೂ ನಡೆಯುತ್ತದೆ. ದುಡಿಯುವ ಸೊಸೆಯ ಮೇಲೆ ದೂರು ಬಂದಾಗ ಸಾರಿಗೆ ಉಪ್ಪು ಕಡಿಮೆಯಾದದ್ದು, ಹೋಟೆಲಿನಿಂದ ತಿಂಡಿ ತರಿಸಿದ್ದು ಮೊದಲು ಹೊರಗೆ ಬರುತ್ತವೆ. ಮಗುವಿಗೆ ಜ್ವರ ಬಂದ ರಾತ್ರಿ ಯಾರು ಎದ್ದಿದ್ದರು ಎಂಬ ಮಾತಿಗೆ ಯಾರೂ ಹೋಗುವುದಿಲ್ಲ, ಅಲ್ಲಿ ಎಲ್ಲರ ಲೆಕ್ಕವೂ ಬಿಚ್ಚಬೇಕಾಗುತ್ತದೆ.

ಅದೇ ಹೆಪ್‌ಬರ್ನ್-ಟ್ರೇಸಿ ಜೋಡಿಯ 1957ರ ‘ಡೆಸ್ಕ್ ಸೆಟ್’ ನನಗೆ ಇದಕ್ಕಿಂತ ಪ್ರಿಯ. ಅಲ್ಲಿ ಹೆಪ್‌ಬರ್ನ್ ಪ್ರಸಾರ ಸಂಸ್ಥೆಯೊಂದರ ಮಾಹಿತಿ ವಿಭಾಗದ ಮುಖ್ಯಸ್ಥೆ ಬನ್ನಿ ವಾಟ್ಸನ್, ಟ್ರೇಸಿ ಅಲ್ಲಿಗೆ ಕಂಪ್ಯೂಟರ್ ತರುವ ಎಂಜಿನಿಯರ್. ವರ್ಷಗಟ್ಟಲೆ ಮದುವೆಯ ಆಸೆ ತೋರಿಸುತ್ತಾ ತನ್ನ ವರದಿಗಳನ್ನು ಅವಳಿಂದಲೇ ಮಾಡಿಸಿಕೊಳ್ಳುವ ಮೇಲಧಿಕಾರಿಯೊಬ್ಬನೂ ಇದ್ದಾನೆ. ಅಂಥವನು ಯಾವ ಕಚೇರಿಯಲ್ಲಿಲ್ಲ? ಬನ್ನಿ ಕೊನೆಗೆ ಎಂಜಿನಿಯರನ್ನು ಒಪ್ಪುತ್ತಾಳೆ, ಯಂತ್ರವೇ ಅವನ ಮೊದಲ ಪ್ರೀತಿ ಎಂದು ತಿಳಿದೂ ಒಪ್ಪುತ್ತಾಳೆ. ಕೆಲಸ ಬಿಡು ಎಂದು ಇಬ್ಬರೂ ಒಬ್ಬರಿಗೊಬ್ಬರು ಹೇಳುವುದಿಲ್ಲ. ಆದರೆ ಆ ಚಿತ್ರದಲ್ಲಿ ಮಗುವಿಲ್ಲ. ಹಾಗಾಗಿ ಸ್ಯಾಮ್ ಕೇಳಿದ ಪ್ರಶ್ನೆಗೆ ಅಲ್ಲಿಯೂ ಉತ್ತರವಿಲ್ಲ.

ಸಿನಿಮಾ ಕೈಬಿಟ್ಟದ್ದನ್ನು ಕಾನೂನು ಸ್ವಲ್ಪಮಟ್ಟಿಗೆ ಹಿಡಿದುಕೊಂಡಿತು. 1948ರಲ್ಲಿ ಬೆಂಗಳೂರಿನ ಕೆ.ಆರ್. ಪುರದ ಹತ್ತಿರ ಐಟಿಐ ಎಂಬ ಟೆಲಿಫೋನ್ ಕಾರ್ಖಾನೆ ಹುಟ್ಟಿತು. ಸುತ್ತಲಿನ ಜಾಗಕ್ಕೆ ದೂರವಾಣಿನಗರವೆಂದು ಹೆಸರಾಯಿತು. ದೇಶಕ್ಕೆ ಟೆಲಿಫೋನು, ಎಕ್ಸ್‌ಚೇಂಜುಗಳನ್ನು ಮಾಡಿಕೊಟ್ಟ ಈ ಕಾರ್ಖಾನೆಯಲ್ಲಿ ಸಣ್ಣ ಸಣ್ಣ ತಂತಿ ಜೋಡಿಸುವ, ಬೆಸುಗೆ ಹಾಕುವ ಸಾಲುಗಳಲ್ಲಿ ಹೆಂಗಸರು ಕೂತರು. ಅವರ ಬೆರಳು ಚುರುಕು ಎನ್ನುತ್ತಿದ್ದರು. ತಲೆ ಚುರುಕು ಎಂದಿದ್ದರೆ ಬಡ್ತಿ ಕೊಡಬೇಕಾಗುತ್ತಿತ್ತೋ ಏನೋ. ಅದೇ ವರ್ಷ ಬಂದ ಕಾರ್ಖಾನೆಗಳ ಕಾಯ್ದೆ, 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಅವರ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನೆಯ ಕೋಣೆ ಇರಬೇಕೆಂದು ಹೇಳಿತು. 1976ರ ತಿದ್ದುಪಡಿಯಲ್ಲಿ ಆ ಸಂಖ್ಯೆ 30ಕ್ಕೆ ಇಳಿಯಿತು. ನ್ಯೂಯಾರ್ಕಿನ ಆ ಗ್ರೀಕ್ ಹುಡುಗನಿಗೆ ಬೇಕಿದ್ದದ್ದು ಇಂಥದ್ದೇ: ತಾಯಿ ದುಡಿಯುತ್ತಾಳೆ ಎಂದು ಒಪ್ಪಿಕೊಂಡು, ಅಷ್ಟು ಹೊತ್ತು ಎತ್ತಿಕೊಳ್ಳಲು ಒಂದು ಕೈ. ಆದರೂ ಕಾಯ್ದೆ ಎಣಿಸಿದ್ದು ಹೆಂಗಸರನ್ನು ಮಾತ್ರ. ಐದು ಸಾವಿರ ಗಂಡಸರಿದ್ದು ಹತ್ತು ಹೆಂಗಸರಿದ್ದರೆ ಕೋಣೆ ಬೇಡ. ಗಂಡಸರಿಗೆ ಮಕ್ಕಳೇ ಇಲ್ಲವೆನ್ನುವ ಹಾಗೆ.

ಈ ಲೆಕ್ಕ ಬದಲಾಗಲು 2017 ಬೇಕಾಯಿತು. ಹೆರಿಗೆ ಸೌಲಭ್ಯ ಕಾಯ್ದೆಯ ತಿದ್ದುಪಡಿ ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿತು, ಜೊತೆಗೆ ಗಂಡಸು ಹೆಂಗಸು ಸೇರಿ 50 ಜನರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂದಿತು. ಈಗ ಐಟಿಐ ಹಳೆಯ ಐಟಿಐ ಅಲ್ಲ. ಎಲೆಕ್ಟ್ರಾನಿಕ್ ಎಕ್ಸ್‌ಚೇಂಜುಗಳು ಬಂದಂತೆ ಅಷ್ಟು ಬೆರಳುಗಳ ಕೆಲಸ ಉಳಿಯಲಿಲ್ಲ. ಅಲ್ಲೇ ಹತ್ತಿರದ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬೆಳಿಗ್ಗೆ ನಿಂತವರು ವೈಟ್‌ಫೀಲ್ಡ್, ಮಹದೇವಪುರದ ಟೆಕ್ ಪಾರ್ಕುಗಳ ಕಡೆಯವರು. ಇಂದಿರಾನಗರದ ಒಳರಸ್ತೆಗಳ ಹಳೆಯ ಮನೆಗಳಲ್ಲಿ ಡೇ ಕೇರ್‌ಗಳು ತೆರೆದಿವೆ. ಸಂಜೆ ಹಳೇ ಮದ್ರಾಸ್ ರಸ್ತೆಯಲ್ಲಿ ಟ್ರಾಫಿಕ್ ನಿಂತು, ಮಗುವನ್ನು ಕರೆದೊಯ್ಯುವ ಹೊತ್ತು ಮೀರಿದರೆ ಡೇ ಕೇರಿನ ಆಯಾ ಮೊದಲು ಫೋನು ಹಚ್ಚುವುದು ತಾಯಿಗೆ. ಅಪ್ಪನ ನಂಬರೂ ಅದೇ ಪುಸ್ತಕದಲ್ಲಿ, ಅದೇ ಸಾಲಿನಲ್ಲಿ ಇರುತ್ತದೆ.

2017ರ ತಿದ್ದುಪಡಿಯಲ್ಲಿ ಇನ್ನೊಂದು ವಾಕ್ಯವೂ ಇದೆ. ಕೆಲಸದ ವೇಳೆಯಲ್ಲಿ ದಿನಕ್ಕೆ ನಾಲ್ಕು ಸಲ ಆ ಕೇಂದ್ರಕ್ಕೆ ಹೋಗಿ ಮಗುವನ್ನು ನೋಡಿಬರಲು ಮಾಲೀಕರು ಬಿಡಬೇಕು, ಹೆಂಗಸರನ್ನು. ಎಣಿಸುವಾಗ ಲೆಕ್ಕಕ್ಕೆ ಸೇರಿದ ಗಂಡಸರು ನೋಡಿಬರುವಾಗ ಸೇರಲಿಲ್ಲ. ಮಗುವನ್ನು ನೋಡಿಕೊಳ್ಳುವವರು ಯಾರೆಂದು ಕೇಳಿದ ಸ್ಯಾಮ್ ಕ್ರೇಗ್ ಇವತ್ತು ಯಾವುದೋ ಟೆಕ್ ಪಾರ್ಕಿನ ಏಳನೇ ಮಹಡಿಯಲ್ಲಿದ್ದರೆ, ಕೆಳಗಿನ ಮಹಡಿಯ ಮಗುವನ್ನು ಒಮ್ಮೆ ನೋಡಿಬರಲು ಮ್ಯಾನೇಜರರ ಮುಖ ನೋಡಿ ಪರ್ಮಿಷನ್ ಕೇಳಬೇಕು. ಕೇಳುತ್ತಾನೋ ಇಲ್ಲವೋ, ಅದು ಅವನಿಗೆ ಬಿಟ್ಟದ್ದು.